ಲೆಕ್ಕ ಕೇಳಿದರೆ ಕೊಡಲೇಬೇಕೆ?

ಕಳೆದ ತಿಂಗಳು ರಾಜ್ಯಶಾಸ್ತ್ರದ ತರಗತಿಯಲ್ಲಿ ಸಂವಿಧಾನದ 148ನೇ ವಿಧಿಯ ಪಾಠ ನಡೆದಿತ್ತು. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೇಖಪಾಲರು, ಅಂದರೆ ನಾವೆಲ್ಲ ಚಿಕ್ಕದಾಗಿ ಸಿಎಜಿ ಎನ್ನುವ ಅಧಿಕಾರಿ, ಸರ್ಕಾರದ ಜಮಾ-ಖರ್ಚನ್ನೆಲ್ಲ ತಪಾಸಣೆ ಮಾಡುತ್ತಾರೆ ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸರ್, ಅವರು ಪುಸ್ತಕ ಕೇಳ್ತಾರ, ಖರೆ. ಕೊಡಂಗಿಲ್ಲ ಅಂದ್ರ ಏನ್ ಮಾಡ್ತಾರ್ರೀ?"

ತರಗತಿ ನಕ್ಕಿತು. ನಾನು "ಕೊಡಲೇಬೇಕಮ್ಮ, ಕಾನೂನಿದೆ" ಎಂದು ಹೇಳಿ ಕೂರಿಸಿದೆ. ಮನೆಗೆ ಹೋದ ಮೇಲೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಕಾನೂನಿದೆ, ನಿಜ. ಆದರೆ 'ಕೊಡಬೇಕು' ಎಂದು ಬರೆದಿರುವುದು ಬೇರೆ, 'ಕೊಡದಿದ್ದರೆ ಇಂಥ ಶಿಕ್ಷೆ' ಎಂದು ಬರೆದಿರುವುದು ಬೇರೆ. ಆ ಹುಡುಗಿ ಕೇಳಿದ್ದು ಎರಡನೆಯದನ್ನು. ಅವಳಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ವಾಣಿಜ್ಯ ವಿಭಾಗದವರಿಗೂ, ಕಚೇರಿಯಲ್ಲಿ ಆಡಿಟ್ ಎದುರಿಸುವ ನಮ್ಮ ಸಿಬ್ಬಂದಿಗೂ ಇದು ಉಪಯೋಗವಾದೀತು.

ಕೇಳುವವರು ಯಾರು?

'ಆಡಿಟರ್' ಎಂಬ ಒಂದೇ ಮಾತಿನಿಂದ ನಾವು ಹಲವರನ್ನು ಕರೆಯುತ್ತೇವೆ. ಅವರ ಅಧಿಕಾರ ಮಾತ್ರ ಒಂದೇ ಅಲ್ಲ.

ಮೊದಲನೆಯವರು ಸಿಎಜಿ. ಕೇಂದ್ರ ಮತ್ತು ಎಲ್ಲ ರಾಜ್ಯ ಸರ್ಕಾರಗಳ ಲೆಕ್ಕ ನೋಡುವುದು ಅವರ ಕೆಲಸ. ಕರ್ನಾಟಕದಲ್ಲಿ ಈ ಕೆಲಸವನ್ನು ಬೆಂಗಳೂರಿನ ಮಹಾಲೇಖಪಾಲರ ಕಚೇರಿ ಮಾಡುತ್ತದೆ. ತಾಲ್ಲೂಕು ಕಚೇರಿಗಳಲ್ಲಿ 'ಏಜಿ ಆಡಿಟ್ ಬಂದಾರ' ಎಂದು ಒಮ್ಮೆಲೇ ಕಪಾಟುಗಳು ತೆರೆದುಕೊಳ್ಳುವುದು ಇವರು ಬಂದಾಗಲೇ. ಸರ್ಕಾರದ ಇಲಾಖೆಗಳಷ್ಟೇ ಅಲ್ಲ, ಸರ್ಕಾರದ ಅನುದಾನದಿಂದಲೇ ಬಹುಪಾಲು ನಡೆಯುವ ಸಂಸ್ಥೆಗಳ ಲೆಕ್ಕವನ್ನೂ ಇವರು ನೋಡಬಹುದು. ಸಾಮಾನ್ಯ ನಿಯಮ ಹೀಗಿದೆ: ಒಂದು ವರ್ಷದಲ್ಲಿ ಬಂದ ಅನುದಾನ ಅಥವಾ ಸಾಲ 25 ಲಕ್ಷ ರೂಪಾಯಿಗೆ ಕಡಿಮೆ ಇರಬಾರದು, ಜೊತೆಗೆ ಅದು ಆ ಸಂಸ್ಥೆಯ ಒಟ್ಟು ಖರ್ಚಿನ ಶೇ 75ಕ್ಕೆ ಕಡಿಮೆ ಇರಬಾರದು.

ಎರಡನೆಯವರು ರಾಜ್ಯ ಸರ್ಕಾರದ್ದೇ ಆದ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು. ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ಮುಖ್ಯವಾಗಿ ಇವರು ನೋಡುತ್ತಾರೆ. ಮೂರನೆಯವರು ಸಹಕಾರ ಸಂಘಗಳ ಆಡಿಟರುಗಳು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಇಳಕಲ್ಲಿನ ಅಥವಾ ಗುಳೇದಗುಡ್ಡದ ನೇಕಾರರ ಸಂಘ, ಪಟ್ಟಣದ ಪತ್ತಿನ ಸೊಸೈಟಿ ಎಲ್ಲವೂ ವರ್ಷಕ್ಕೊಮ್ಮೆ ಇಂಥವರ ಮುಂದೆ ಪುಸ್ತಕ ತೆರೆಯಬೇಕು. ಕಂಪನಿಗಳ ಲೆಕ್ಕ ನೋಡುವ ಚಾರ್ಟರ್ಡ್ ಅಕೌಂಟೆಂಟರು ನಾಲ್ಕನೆಯವರು. ಅವರದು ಬೇರೆಯೇ ಕಾನೂನು. ಅದು ವಾಣಿಜ್ಯ ವಿಭಾಗದ ಸಹೋದ್ಯೋಗಿಗಳ ಪಾಠ, ಇಲ್ಲಿ ಬಿಡುತ್ತೇನೆ.

ಸಿಎಜಿಗೆ ಕಾನೂನು ಕೊಟ್ಟದ್ದೇನು?

ಸಂವಿಧಾನ ಸಭೆಯಲ್ಲಿ 1949ರಲ್ಲಿ ಈ ಹುದ್ದೆಯ ಚರ್ಚೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರು, ಸಂವಿಧಾನದಡಿಯ ಅಧಿಕಾರಿಗಳಲ್ಲಿ ಬಹುಶಃ ಇವರೇ ಅತಿ ಮುಖ್ಯರು ಎಂಬ ಅಭಿಪ್ರಾಯ ಕೊಟ್ಟಿದ್ದರು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟದ ವಿಧಾನದಿಂದ ಮಾತ್ರ ಇವರನ್ನು ತೆಗೆಯಬಹುದು. ಆದರೆ ದಿನನಿತ್ಯದ ಕೆಲಸದಲ್ಲಿ ಇವರು ಏನೇನು ಕೇಳಬಹುದು ಎಂಬುದು ಸಂವಿಧಾನದಲ್ಲಿ ವಿವರವಾಗಿ ಇಲ್ಲ. ಅದು 1971ರ ಕಾಯ್ದೆಯಲ್ಲಿದೆ. ಸಿಎಜಿಯ ಕರ್ತವ್ಯ, ಅಧಿಕಾರ ಮತ್ತು ಸೇವಾ ಷರತ್ತುಗಳಿಗೆ ಸಂಬಂಧಿಸಿದ ಆ ಕಾಯ್ದೆಯ 18ನೇ ಕಲಮು ನಮ್ಮ ಪ್ರಶ್ನೆಗೆ ಬಾಗಿಲು.

ಆ ಕಲಮು ಮೂರು ಅಧಿಕಾರ ಕೊಡುತ್ತದೆ. ಒಂದು, ಖಜಾನೆಯೂ ಸೇರಿ ಲೆಕ್ಕ ಇಡುವ ಯಾವುದೇ ಸರ್ಕಾರಿ ಕಚೇರಿಗೆ ಹೋಗಿ ಪರಿಶೀಲಿಸುವುದು. ಎರಡು, ತಪಾಸಣೆಗೆ ಸಂಬಂಧಪಟ್ಟ ಲೆಕ್ಕ, ಪುಸ್ತಕ, ಕಾಗದಪತ್ರಗಳನ್ನು ತಾವು ಹೇಳಿದ ಜಾಗಕ್ಕೆ ತರಿಸಿಕೊಳ್ಳುವುದು. ಮೂರು, ಕಚೇರಿಯ ಮುಖ್ಯಸ್ಥರಿಗೆ ಅಗತ್ಯವೆನಿಸಿದ ಪ್ರಶ್ನೆಗಳನ್ನು ಹಾಕಿ ಮಾಹಿತಿ ಪಡೆಯುವುದು.

ಇದರ ಬೆನ್ನಿಗೇ ಕಚೇರಿಯ ಮುಖ್ಯಸ್ಥರ ಮೇಲೆ ಒಂದು ಕರ್ತವ್ಯವನ್ನೂ ಹೊರಿಸಿದೆ. ಪರಿಶೀಲನೆಗೆ ಎಲ್ಲ ಅನುಕೂಲ ಮಾಡಿಕೊಡಬೇಕು, ಕೇಳಿದ ಮಾಹಿತಿಯನ್ನು ಸಾಧ್ಯವಾದಷ್ಟು ಪೂರ್ಣವಾಗಿ, ತಕ್ಕಷ್ಟು ಬೇಗ ಒದಗಿಸಬೇಕು.

ವಿದ್ಯಾರ್ಥಿಗಳು ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. 'ಸಾಧ್ಯವಾದಷ್ಟು' ಮತ್ತು 'ತಕ್ಕಷ್ಟು ಬೇಗ'. ಎಷ್ಟು ಸಾಧ್ಯ? ಎಷ್ಟು ದಿನ ಬೇಗ? ಕಾಯ್ದೆ ಹೇಳುವುದಿಲ್ಲ. ಕೊಡದವರಿಗೆ ದಂಡವೆಷ್ಟು ಎಂದೂ ಆ ಕಲಮಿನಲ್ಲಿ ಇಲ್ಲ. ಸಿವಿಲ್ ನ್ಯಾಯಾಲಯದಂತೆ ಸಮನ್ಸ್ ಕಳಿಸಿ ಒಬ್ಬರನ್ನು ಕರೆಸುವ, ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯುವ, ಕಪಾಟಿಗೆ ಸೀಲು ಹಾಕುವ ಅಧಿಕಾರವೂ ಇಲ್ಲ. ಪ್ರಶ್ನೆ ಕೇಳುವ ಹಕ್ಕು ಇದೆ, ಉತ್ತರ ಕೊಡುವ ಕರ್ತವ್ಯ ಇದೆ, ನಡುವೆ ಕೋಲು ಇಲ್ಲ. ಕಾಯ್ದೆಯಡಿ 2007ರಲ್ಲಿ ನಿಯಮಾವಳಿ ಬಂತು, 2020ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಉತ್ತರ ಕೊಡುವ ಕ್ರಮವನ್ನು ಅವು ಹೆಚ್ಚು ಸ್ಪಷ್ಟಗೊಳಿಸಿದವು. ಕಾಯ್ದೆಯಲ್ಲೇ ಇಲ್ಲದ ದಂಡವನ್ನು ನಿಯಮಾವಳಿ ಹುಟ್ಟಿಸಲಾಗದು.

ಒಂದು ಅಳತೆ ಪುಸ್ತಕದ ಕಥೆ

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಯಾವುದೋ ಇಲಾಖೆ ಒಂದು ಊರಿನಲ್ಲಿ 300 ಮೀಟರ್ ಸಿಮೆಂಟ್ ರಸ್ತೆ ಮಾಡಿಸಿದೆ. ಬಿಲ್ಲು ಖಜಾನೆಯಲ್ಲಿ ಪಾಸಾಗಿದೆ, ಗುತ್ತಿಗೆದಾರರಿಗೆ ಹಣ ಹೋಗಿದೆ. ಖಜಾನೆಯ ವೋಚರ್ ಮಹಾಲೇಖಪಾಲರ ಕಚೇರಿಗೆ ತಲುಪಿರುತ್ತದೆ. ಆದ್ದರಿಂದ ಎಷ್ಟು ಹಣ, ಯಾವ ದಿನ, ಯಾರಿಗೆ ಎಂಬುದು ಆಡಿಟರಿಗೆ ಊರಿಗೆ ಬರುವ ಮೊದಲೇ ಗೊತ್ತು.

ಗೊತ್ತಿಲ್ಲದ್ದು ಒಂದೇ. ರಸ್ತೆ ನಿಜಕ್ಕೂ 300 ಮೀಟರ್ ಆಗಿದೆಯೇ? ದಪ್ಪ ಎಷ್ಟು? ಇದನ್ನು ಹೇಳುವುದು ವೋಚರ್ ಅಲ್ಲ, ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆಯುವ ಅಳತೆ ಪುಸ್ತಕ, ಕಚೇರಿಯವರ ಮಾತಿನಲ್ಲಿ ಎಂ.ಬಿ. ಅದು ಇರುವುದು ಆ ಕಚೇರಿಯ ಕಪಾಟಿನಲ್ಲಿ.

ಆಡಿಟರ್ ಬರೆದು ಕೇಳುತ್ತಾರೆ. ಹಾಳೆಯ ಅರ್ಧಭಾಗದಲ್ಲಿ ಪ್ರಶ್ನೆ, ಉಳಿದರ್ಧ ಉತ್ತರಕ್ಕೆ ಖಾಲಿ. ಇದಕ್ಕೇ ಕಚೇರಿಗಳಲ್ಲಿ 'ಹಾಫ್ ಮಾರ್ಜಿನ್' ಎನ್ನುತ್ತಾರೆ. ಖಾಲಿ ಅರ್ಧದಲ್ಲಿ ಬರುವ ಉತ್ತರಗಳನ್ನು ಕಚೇರಿಯಲ್ಲಿ ಕೆಲಸ ಮಾಡಿದ ಯಾರಾದರೂ ಗುರುತಿಸಿಯಾರು: ಸಂಬಂಧಪಟ್ಟ ಗುಮಾಸ್ತರು ರಜೆಯಲ್ಲಿದ್ದಾರೆ. ಹಿಂದಿನ ಎಂಜಿನಿಯರ್ ವರ್ಗವಾಗಿ ಹೋಗುವಾಗ ಚಾರ್ಜ್ ಪಟ್ಟಿಯಲ್ಲಿ ಆ ಪುಸ್ತಕ ಕೊಟ್ಟಿಲ್ಲ. ಹುಡುಕಿಸಿ ಮುಂದಿನ ಆಡಿಟ್‌ನಲ್ಲಿ ಹಾಜರುಪಡಿಸಲಾಗುವುದು.

ಇವುಗಳಲ್ಲಿ ಕೆಲವು ನಿಜವೇ ಇರಬಹುದು. ಗೆದ್ದಲು, ಮಳೆ, ಪದೇಪದೇ ಆಗುವ ವರ್ಗಾವಣೆ ಎಲ್ಲ ಕಚೇರಿಗಳಲ್ಲೂ ಇವೆ. ಆದರೆ ಆಡಿಟ್ ತಂಡ ಒಂದು ಕಚೇರಿಯಲ್ಲಿ ಇರುವುದು ಕೆಲವೇ ದಿನ. ಅಷ್ಟು ದಿನ ತಳ್ಳಿದರೆ ಸಾಕು, ಪ್ರಶ್ನೆ ತಂಡದ ಜೊತೆ ಬಸ್ ಹತ್ತುತ್ತದೆ. ಮುಂದಿನ ಆಡಿಟ್ ಬರುವ ಹೊತ್ತಿಗೆ ಉತ್ತರ ಹೇಳಬೇಕಾದವರು ಬೇರೆ ಜಿಲ್ಲೆಯಲ್ಲಿರಬಹುದು, ನಿವೃತ್ತರೂ ಆಗಿರಬಹುದು. ರಸ್ತೆ ಮಾತ್ರ ಅಲ್ಲೇ ಇರುತ್ತದೆ, ಒಂದೇ ಮಳೆಗಾಲಕ್ಕೆ ಕಿತ್ತುಹೋಗಿ. ಆ ರಸ್ತೆಯಲ್ಲಿ ನಡೆದು ಕಾಲೇಜಿಗೆ ಬರುವವರು ನೀವು. ಕಾಣೆಯಾದ ಒಂದು ಪುಸ್ತಕದ ಬೆಲೆ ಎಷ್ಟೆಂಬುದು ನಿಮ್ಮ ಚಪ್ಪಲಿಗೇ ಗೊತ್ತು.

ಬೇರೆಯವರಿಗೆ ಇರುವ ಕೋಲು

ಸಿಎಜಿಗೆ ಇಲ್ಲದ್ದು ಯಾರಿಗಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಮೊದಲು ನಿಮ್ಮನ್ನೇ ತೆಗೆದುಕೊಳ್ಳಿ. ನಾಳೆ ನೀವು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅದೇ ಅಳತೆ ಪುಸ್ತಕದ ನಕಲು ಬೇಕೆಂದು ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಸಕಾರಣವಿಲ್ಲದೆ ತಡಮಾಡಿದ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಹೆಚ್ಚೆಂದರೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ಮಾಹಿತಿ ಆಯೋಗಕ್ಕೆ ಸಿವಿಲ್ ನ್ಯಾಯಾಲಯದಂತೆ ಜನರನ್ನು ಕರೆಸಿ, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವ ಅಧಿಕಾರವೂ ಇದೆ. ಅಂದರೆ ಅರ್ಜಿದಾರನಿಗೆ ಕಾನೂನು ದಿನ ಲೆಕ್ಕ ಹಾಕಿ ಕೊಟ್ಟಿದೆ, ಸಂವಿಧಾನದ ಹುದ್ದೆಯಲ್ಲಿರುವ ಲೆಕ್ಕಪರಿಶೋಧಕರಿಗೆ ಕೊಟ್ಟಿಲ್ಲ. 2008ರಿಂದ 2013ರವರೆಗೆ ಸಿಎಜಿ ಆಗಿದ್ದ ವಿನೋದ್ ರಾಯ್ ಅವರ ಕಾಲದಲ್ಲಿ, ದಾಖಲೆ ಕೊಡಲು ಕಾಯ್ದೆಯಲ್ಲೇ ಕಾಲಮಿತಿ ಬೇಕೆಂಬ ಪ್ರಸ್ತಾವ ಕೇಂದ್ರ ಸರ್ಕಾರದ ಮುಂದೆ ಹೋಗಿತ್ತು.

ಎರಡನೆಯದು ಲೋಕಾಯುಕ್ತ. ಕರ್ನಾಟಕ ಲೋಕಾಯುಕ್ತ ಕಾಯ್ದೆ, 1984ರಡಿ ತನಿಖೆ ನಡೆಸುವಾಗ ಲೋಕಾಯುಕ್ತರು ಯಾರನ್ನಾದರೂ ಸಮನ್ಸ್ ಮೂಲಕ ಕರೆಸಿ ಪ್ರಮಾಣದ ಮೇಲೆ ವಿಚಾರಿಸಬಹುದು, ದಾಖಲೆ ತರಿಸಬಹುದು. ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಬಳ್ಳಾರಿ ಭಾಗದ ಅಕ್ರಮ ಗಣಿಗಾರಿಕೆ ಕುರಿತು 2008 ಮತ್ತು 2011ರಲ್ಲಿ ಕೊಟ್ಟ ವರದಿಗಳ ಹಿಂದೆ ಈ ಬಲವಿತ್ತು.

ಮೂರನೆಯದು ನಮ್ಮ ಊರುಗಳಿಗೆ ಹತ್ತಿರದ್ದು, ಸಹಕಾರ ಸಂಘಗಳ ಕಾನೂನು. ಬಾದಾಮಿಯಿಂದ ರೈಲು ಹತ್ತಿದರೆ ಸಿಗುವ ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ಹುಟ್ಟಿದ ಊರುಗಳಲ್ಲಿ ಅದೂ ಒಂದು. ಸದಸ್ಯರು ಒಬ್ಬರನ್ನೊಬ್ಬರು ನಂಬಿ ಹಣ ಇಡುವ ಜಾಗವಾದ್ದರಿಂದ ಇಲ್ಲಿ ಆಡಿಟ್ ಕಾನೂನು ಬಿಗಿ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 63ನೇ ಕಲಮಿನಡಿ ಆಡಿಟರ್ ಯಾವ ಹೊತ್ತಿನಲ್ಲಾದರೂ ಸಂಘದ ಪುಸ್ತಕ, ದಾಖಲೆ, ಕೈಯಲ್ಲಿರುವ ನಗದು ನೋಡಬಹುದು. ಅವುಗಳನ್ನು ಇಟ್ಟುಕೊಂಡವರನ್ನು ಕರೆಸಿ ಹಾಜರುಪಡಿಸುವಂತೆ ಹೇಳಬಹುದು. ಈಗಿನ ಪದಾಧಿಕಾರಿಗಳಷ್ಟೇ ಅಲ್ಲ, ಹಿಂದೆ ಇದ್ದವರೂ ಕೇಳಿದ ಮಾಹಿತಿ ಕೊಡಬೇಕು. 'ನಾನೀಗ ಕಾರ್ಯದರ್ಶಿ ಅಲ್ರೀ' ಎಂದು ಜಾರಿಕೊಳ್ಳಲು ಬರುವುದಿಲ್ಲ. ಲೆಕ್ಕದಲ್ಲಿ ಅನುಮಾನ ಬಂದು 64ನೇ ಕಲಮಿನಡಿ ವಿಚಾರಣೆ ಶುರುವಾದರೆ, ಸಂಘದ ವ್ಯವಹಾರ ಬಲ್ಲ ಯಾರನ್ನಾದರೂ ಕರೆಸಿ ಪ್ರಮಾಣ ಮಾಡಿಸಿ ಕೇಳಬಹುದು. ಹಣ ದುರುಪಯೋಗ ಆಗಿದ್ದರೆ 69ನೇ ಕಲಮಿನಡಿ ಅದನ್ನು ಬಡ್ಡಿಸಮೇತ ತುಂಬಿಸಿಕೊಳ್ಳುವ ಆದೇಶವಾಗಬಹುದು.

ನಾಲ್ಕನೆಯದು ಗ್ರಾಮಸಭೆಯ ಸಾಮಾಜಿಕ ಪರಿಶೋಧನೆ. ನರೇಗಾ ಕಾಮಗಾರಿಗಳಿಗಾಗಿ 2011ರಲ್ಲಿ ಬಂದ ನಿಯಮಗಳು ಸಭೆಗೆ ಕನಿಷ್ಠ 15 ದಿನ ಮೊದಲೇ ದಾಖಲೆಗಳನ್ನು ಒಪ್ಪಿಸಬೇಕೆಂದವು. ವಿಶೇಷವೆಂದರೆ ಆ ನಿಯಮಗಳನ್ನು ರೂಪಿಸಿದ್ದು ಸಿಎಜಿಯ ಜೊತೆ ಸಮಾಲೋಚಿಸಿಯೇ. ತನಗಿಲ್ಲದ ದಿನಗಣನೆ ಗ್ರಾಮಸಭೆಗೆ ಸಿಕ್ಕಿತು.

ಹೊರದೇಶಗಳಲ್ಲಿ ಹೇಗೆ?

ಬೇರೆ ದೇಶಗಳು ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಬಿಡಿಸಿಕೊಂಡಿವೆ. ಆಸ್ಟ್ರೇಲಿಯಾದ 1997ರ ಕಾಯ್ದೆಯಡಿ ಅಲ್ಲಿನ ಮಹಾ ಲೆಕ್ಕಪರಿಶೋಧಕರು ಲಿಖಿತ ನೋಟಿಸ್ ಕೊಟ್ಟು ಯಾರನ್ನಾದರೂ ಕರೆಸಬಹುದು, ಪ್ರಮಾಣದ ಮೇಲೆ ಸಾಕ್ಷ್ಯ ಪಡೆಯಬಹುದು. ಪಾಲಿಸದವರಿಗೆ ದಂಡವಿದೆ. ಕಾಗದದ ಮೇಲೆ ಇದಕ್ಕಿಂತ ಬಲವಾದ ಅಧಿಕಾರ ಬೇಡ.

ಕೆನಡಾದ ಲೆಕ್ಕಪರಿಶೋಧಕರಿಗೂ ಪ್ರಮಾಣದ ಮೇಲೆ ವಿಚಾರಿಸುವ ಅಧಿಕಾರ ಇದೆ. ಆದರೂ 1980ರ ದಶಕದಲ್ಲಿ ಒಂದು ದೊಡ್ಡ ಜಗಳ ನಡೆಯಿತು. ಸರ್ಕಾರಿ ತೈಲ ಕಂಪನಿ ಪೆಟ್ರೋ-ಕೆನಡಾ 1981ರಲ್ಲಿ ಪೆಟ್ರೋಫಿನಾ ಎಂಬ ಇನ್ನೊಂದು ಕಂಪನಿಯನ್ನು ಕೊಂಡಿತ್ತು. ಕೊಟ್ಟ ಬೆಲೆ ಸರಿಯಾದದ್ದೇ ಎಂದು ನೋಡಲು ಅಲ್ಲಿನ ಲೆಕ್ಕಪರಿಶೋಧಕ ಕೆನೆತ್ ಡೈ ಕಾಗದ ಕೇಳಿದರು. ಮಂತ್ರಿಮಂಡಲದ ಗೋಪ್ಯ ದಾಖಲೆ ಎಂದು ಸರ್ಕಾರ ನಿರಾಕರಿಸಿತು. ಅವರು ನ್ಯಾಯಾಲಯಕ್ಕೆ ಹೋದರು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ನೀವು ಸಂಸತ್ತಿನ ಸೇವಕರು, ದಾಖಲೆ ಸಿಗದಿದ್ದರೆ ಅದನ್ನು ಸಂಸತ್ತಿಗೆ ವರದಿ ಮಾಡಿ, ನಿಮಗಿರುವ ಪರಿಹಾರ ಅದೇ ಎಂಬುದು ತೀರ್ಪಿನ ತಿರುಳು.

ಅಮೆರಿಕದಲ್ಲಿ 2001ರಲ್ಲಿ ಉಪಾಧ್ಯಕ್ಷ ಡಿಕ್ ಚೆನಿ ಇಂಧನ ನೀತಿ ರೂಪಿಸುವ ತಂಡದ ನೇತೃತ್ವ ವಹಿಸಿದ್ದರು. ಆ ತಂಡ ಯಾರು ಯಾರನ್ನು ಭೇಟಿ ಮಾಡಿತು ಎಂಬ ವಿವರವನ್ನು ಅಲ್ಲಿನ ಲೆಕ್ಕಪರಿಶೋಧನಾ ಮುಖ್ಯಸ್ಥ ಡೇವಿಡ್ ವಾಕರ್ ಕೇಳಿದರು. ಸಿಗಲಿಲ್ಲ. ಅಲ್ಲಿನ ಕಾನೂನು ದಾಖಲೆಗಾಗಿ ಮೊಕದ್ದಮೆ ಹೂಡಲು ಅವರಿಗೆ ಅವಕಾಶ ಕೊಟ್ಟಿತ್ತು, 2002ರಲ್ಲಿ ಹೂಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ನ್ಯಾಯಾಲಯ ಮೊಕದ್ದಮೆ ವಜಾ ಮಾಡಿತು. ಅವರು ಮೇಲ್ಮನವಿಗೆ ಹೋಗಲಿಲ್ಲ. 2003ರಲ್ಲಿ ಸಿಕ್ಕಷ್ಟು ಮಾಹಿತಿಯಿಂದಲೇ ವರದಿ ಬರೆದರು, ಬೇಕಾದ ದಾಖಲೆ ಸಿಗಲಿಲ್ಲ ಎಂಬುದನ್ನೂ ಅದರಲ್ಲೇ ದಾಖಲಿಸಿದರು.

ಈ ಎರಡು ಘಟನೆಗಳಲ್ಲಿ ಒಂದು ಪಾಠವಿದೆ. ಕೋಲು ಇದ್ದರೂ, ಎದುರಿಗಿರುವವರು ಸರ್ಕಾರದ ತುದಿಯಲ್ಲಿ ಕೂತವರಾದರೆ ಆ ಕೋಲು ಎತ್ತುವುದು ಕಷ್ಟ. ಕೊನೆಗೆ ಲೆಕ್ಕಪರಿಶೋಧಕರ ಕೈಯಲ್ಲಿ ಉಳಿಯುವುದು ಬರೆಯುವ ಅಧಿಕಾರ.

ಹಾಗಾದರೆ ಸಿಎಜಿಯ ಬಲ ಎಲ್ಲಿದೆ?

ಸಂವಿಧಾನದ 151ನೇ ವಿಧಿಯಲ್ಲಿ. ರಾಜ್ಯಕ್ಕೆ ಸಂಬಂಧಿಸಿದ ವರದಿ ರಾಜ್ಯಪಾಲರಿಗೆ ಹೋಗುತ್ತದೆ, ಅವರು ಅದನ್ನು ವಿಧಾನಮಂಡಲದ ಮುಂದೆ ಇಡಿಸಬೇಕು. ಒಮ್ಮೆ ಸದನದ ಮೇಜಿಗೆ ಬಂದ ವರದಿ ಎಲ್ಲರ ಆಸ್ತಿ. ಅಲ್ಲಿ 'ಕೇಳಿದ ದಾಖಲೆಗಳನ್ನು ಒದಗಿಸಲಿಲ್ಲ' ಎಂಬ ಒಂದು ಸಾಲು ಇದ್ದರೆ, ಅದೇ ಒಂದು ಆಕ್ಷೇಪಣೆ. ದಾಖಲೆ ಇಲ್ಲದ ಖರ್ಚು ಸಾಬೀತಾಗದ ಖರ್ಚು. ಸ್ಥಳೀಯ ಸಂಸ್ಥೆಗಳ ಆಡಿಟ್‌ನಲ್ಲೂ ಹೀಗೇ, ವೋಚರ್ ತೋರಿಸದ ಮೊತ್ತವನ್ನು ಆಕ್ಷೇಪಣೆಯಲ್ಲಿ ಇರಿಸುತ್ತಾರೆ. ಆ ಕಂಡಿಕೆ ಬಗೆಹರಿಯುವವರೆಗೆ ಸಂಬಂಧಪಟ್ಟವರ ಹೆಸರಿನ ಬೆನ್ನು ಬಿಡುವುದಿಲ್ಲ.

ಸದನಕ್ಕೆ ಬಂದ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಕೈಗೆತ್ತಿಕೊಳ್ಳುತ್ತದೆ. ಸಂಸತ್ತಿನಲ್ಲಿ 1967ರಿಂದ ಇದರ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಕೊಡುವ ವಾಡಿಕೆ ಇದೆ. ಈ ಸಮಿತಿಗೆ ಸಿಎಜಿಗಿಲ್ಲದ ಅಧಿಕಾರ ಇದೆ: ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಎದುರು ಕೂರಿಸಿ ಕೇಳುವುದು, ಕಾಗದಪತ್ರ ತರಿಸುವುದು. ಅಲ್ಲಿ ಕೊಡದಿದ್ದರೆ ಅದು ಸದನದ ಹಕ್ಕುಚ್ಯುತಿಯ ಪ್ರಶ್ನೆಯಾಗಬಹುದು. ರಾಷ್ಟ್ರದ ಸುರಕ್ಷತೆ ಅಥವಾ ಹಿತಕ್ಕೆ ಧಕ್ಕೆ ಎಂಬ ಕಾರಣಕ್ಕೆ ಸರ್ಕಾರ ಒಂದು ದಾಖಲೆಯನ್ನು ತಡೆಹಿಡಿಯಲು ಸಂಸತ್ತಿನ ನಿಯಮಗಳಲ್ಲಿ ಅವಕಾಶ ಇದೆ, ಆದರೆ ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕು.

ಆದ್ದರಿಂದ ಸಮನ್ಸ್ ಎಂಬ ಕೋಲು ನಮ್ಮ ವ್ಯವಸ್ಥೆಯಲ್ಲಿ ಇಲ್ಲದೇ ಇಲ್ಲ. ಅದು ಲೆಕ್ಕ ನೋಡುವವರ ಕೈಯಲ್ಲಿಲ್ಲ, ನಾವು ಆರಿಸಿ ಕಳಿಸಿದವರ ಕೈಯಲ್ಲಿದೆ. ಅವರು ಅದನ್ನು ಎತ್ತುತ್ತಾರೋ ಮೂಲೆಯಲ್ಲಿ ಇಡುತ್ತಾರೋ ಎಂಬುದು ಬೇರೆ ಪ್ರಶ್ನೆ.

ನ್ಯಾಯಾಲಯಗಳೂ ಸಿಎಜಿಯ ಕೈ ಬಲಪಡಿಸಿವೆ. ಖಾಸಗಿ ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ಸರ್ಕಾರಕ್ಕೆ ಕೊಡಬೇಕು. ಆದಾಯವನ್ನೇ ಕಡಿಮೆ ತೋರಿಸಿದರೆ ಪಾಲೂ ಕಡಿಮೆಯಾಗುತ್ತದೆ. ಹೀಗಾಗಿ ಸಿಎಜಿ ಅವರ ಪುಸ್ತಕ ಕೇಳಿದರು. ನಾವು ಖಾಸಗಿಯವರು, ನಮ್ಮ ಲೆಕ್ಕ ನೋಡಲು ನೀವ್ಯಾರು ಎಂದು ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2014ರ ಏಪ್ರಿಲ್ 17ರಂದು ಸುಪ್ರೀಂ ಕೋರ್ಟ್ ಸಿಎಜಿಯ ಪರ ತೀರ್ಪು ಕೊಟ್ಟಿತು. ತರಂಗಾಂತರ ದೇಶದ ಸಂಪತ್ತು, ಅದರಿಂದ ಬರುವ ಸರ್ಕಾರದ ಪಾಲು ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಆ ಪುಸ್ತಕಗಳನ್ನು ನೋಡಬಹುದು ಎಂದಿತು. ನಿಮ್ಮ ಕೈಯಲ್ಲಿರುವ ಮೊಬೈಲಿನ ರೀಚಾರ್ಜ್ ಹಣಕ್ಕೂ ಸಿಎಜಿಗೂ ಹೀಗೆ ನಂಟಿದೆ.

ಸಮನ್ಸ್ ಅಧಿಕಾರ ಕೊಟ್ಟುಬಿಡಬಾರದೇಕೆ?

ಇದು ಚರ್ಚಾಸ್ಪರ್ಧೆಗೆ ಒಳ್ಳೆಯ ವಿಷಯ. ಕೊಡಬೇಕು ಎನ್ನುವವರ ವಾದ ಸರಳ: ಕಾಲಮಿತಿ, ದಂಡ ಎರಡೂ ಇಲ್ಲದ ಹಕ್ಕು ಅರ್ಧ ಹಕ್ಕು. ಬೇಡ ಎನ್ನುವವರಿಗೂ ಕಾರಣವಿದೆ. ಆಡಿಟರ್ ಪೊಲೀಸರಲ್ಲ. ಪ್ರಮಾಣ ಮಾಡಿಸಿ ಕೇಳತೊಡಗಿದರೆ ಪ್ರತಿ ಗುಮಾಸ್ತನೂ ಆರೋಪಿಯಂತೆ ನಿಲ್ಲುತ್ತಾನೆ, ವಕೀಲರು ಬರುತ್ತಾರೆ, ಈಗ ಬಾಯಿಮಾತಿನಲ್ಲಿ ಬಗೆಹರಿಯುವ ಸಣ್ಣ ತಪ್ಪುಗಳೂ ಮೊಕದ್ದಮೆಗಳಾಗುತ್ತವೆ. ಅಪರಾಧದ ಸುಳಿವು ಸಿಕ್ಕರೆ ತನಿಖೆಗೆ ಲೋಕಾಯುಕ್ತ, ಪೊಲೀಸ್ ಇದ್ದೇ ಇದ್ದಾರೆ.

ನನಗೆ ತೋಚುವುದು ಇಷ್ಟು. ಪ್ರಮಾಣದ ಮೇಲೆ ಸಾಕ್ಷ್ಯ ಪಡೆಯುವ ಅಧಿಕಾರ ಸಿಎಜಿಗೆ ಇಲ್ಲದಿದ್ದರೂ ನಡೆದೀತು. ದಾಖಲೆ ಕೊಡಲು ದಿನ ಗೊತ್ತುಮಾಡದಿರುವುದಕ್ಕೆ ಮಾತ್ರ ಒಳ್ಳೆಯ ಕಾರಣ ಕಾಣುವುದಿಲ್ಲ. ಹಳ್ಳಿಯ ಅರ್ಜಿದಾರನಿಗೆ 30 ದಿನದಲ್ಲಿ ಕೊಡಬಹುದಾದ ಕಾಗದವನ್ನು ಸರ್ಕಾರದ ಲೆಕ್ಕಪರಿಶೋಧಕರಿಗೆ ಅಷ್ಟೇ ದಿನದಲ್ಲಿ ಕೊಡಲು ಏನು ಕಷ್ಟ?

ನಮ್ಮ ಪಾಲಿನ ಕೆಲಸ

ವಿದ್ಯಾರ್ಥಿಗಳೇ, ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ದಫ್ತರ ಎಂಬ ಮಾತುಗಳೆಲ್ಲ ಅರಬಿ-ಫಾರಸಿಯಿಂದ ಬಂದು ಕನ್ನಡದ ಲೆಕ್ಕದ ಮಾತುಗಳೇ ಆಗಿಹೋಗಿವೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ 'ಜಮಾಬಂದಿ'ಯ ಹೆಸರಿನಲ್ಲೂ ಅದೇ ಜಮಾ ಇದೆ. ಅಂದು ಪಂಚಾಯಿತಿಯ ಲೆಕ್ಕ, ಕಾಮಗಾರಿಗಳ ಕಡತ ಜನರ ಮುಂದೆ ಬರಬೇಕು. ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ನಿಮ್ಮೂರಿನಲ್ಲಿ ಯಾವಾಗ ಎಂದು ವಿಚಾರಿಸಿ ಒಮ್ಮೆ ಹೋಗಿ ಕೂಡಿ. ಅಳತೆ ಪುಸ್ತಕ ತೋರಿಸಿ ಎಂದು ಮರ್ಯಾದೆಯಿಂದ ಕೇಳಿ. ಸಿಎಜಿ ವರದಿಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕರ್ನಾಟಕದ ವರದಿಯೊಂದನ್ನು ತೆರೆದು 'ದಾಖಲೆ ಒದಗಿಸಲಿಲ್ಲ' ಎಂಬ ಅರ್ಥದ ಸಾಲುಗಳು ಎಲ್ಲೆಲ್ಲಿ ಬಂದಿವೆ ಎಂದು ಗುರುತು ಹಾಕಿ. ಯೋಜನಾ ಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಿಲ್ಲ.

ಮುಂದೆ ನಿಮ್ಮಲ್ಲಿ ಎಷ್ಟೋ ಜನ ಗುಮಾಸ್ತರಾಗುತ್ತೀರಿ, ಪಿಡಿಒ ಆಗುತ್ತೀರಿ, ಸೊಸೈಟಿಯ ಕಾರ್ಯದರ್ಶಿಗಳಾಗುತ್ತೀರಿ. ಆಗ ಮೂರು ಮಾತು ನೆನಪಿರಲಿ. ಚಾರ್ಜ್ ಕೊಡುವಾಗ, ತೆಗೆದುಕೊಳ್ಳುವಾಗ ಪ್ರತಿ ಪುಸ್ತಕದ ಹೆಸರು ಬರೆದು ಸಹಿ ಮಾಡಿಸಿ. ಆಡಿಟ್‌ಗೆ ಕೊಟ್ಟ ಪ್ರತಿ ದಾಖಲೆಗೆ ಸ್ವೀಕೃತಿ ಪಡೆಯಿರಿ. ಇಲ್ಲದ್ದನ್ನು ಇಲ್ಲ ಎಂದೇ ಬರೆಯಿರಿ, ಹಳೆಯ ತಾರೀಖು ಹಾಕಿ ಹೊಸ ಕಾಗದ ಹುಟ್ಟಿಸಬೇಡಿ. ಕಳೆದುಹೋದ ಪುಸ್ತಕ ಒಂದು ಆಕ್ಷೇಪಣೆ. ಸುಳ್ಳು ಪುಸ್ತಕ ಒಂದು ಅಪರಾಧ. ನಿಯಮ ಮೀರಿ ಸಾರ್ವಜನಿಕ ದಾಖಲೆ ನಾಶ ಮಾಡುವುದನ್ನು ತಡೆಯಲು ಕೇಂದ್ರದಲ್ಲಿ 1993ರ, ಕರ್ನಾಟಕದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಗಳು ಇವೆ ಎಂಬುದನ್ನೂ ತಿಳಿದಿರಿ.

ನಮ್ಮ ಬೆಟ್ಟದ ಮೂರನೆಯ ಗುಹೆಯನ್ನು ನೀವೆಲ್ಲ ನೋಡಿದ್ದೀರಿ. 578ರಲ್ಲಿ ಮಂಗಳೇಶ ಅಲ್ಲಿ ದೇವಾಲಯ ಮಾಡಿಸಿ, ಅದಕ್ಕೆ ಒಂದು ಊರನ್ನು ದತ್ತಿ ಬಿಟ್ಟದ್ದನ್ನು ಬಂಡೆಯ ಮೇಲೆ ಕೊರೆಸಿದ. ಬಂದುಹೋಗುವ ಯಾರಾದರೂ ಓದಬಹುದಾದ ಜಾಗದಲ್ಲಿ, ಬೀಗ ಹಾಕಲಾಗದ ದಾಖಲೆ. ಇಂದಿನ ಖರ್ಚುಗಳನ್ನು ಬಂಡೆಯ ಮೇಲೆ ಬರೆಸಲಾಗದು. ಕಪಾಟಿನಲ್ಲಿಡಲೇಬೇಕು. ಕಪಾಟಿನ ಬೀಗದ ಕೈ ಕೇಳುವ ಹಕ್ಕು ಯಾರಿಗಿದೆ ಎಂಬುದನ್ನಾದರೂ ನಾವು ತಿಳಿದಿರಬೇಕು.

ಆ ವಿದ್ಯಾರ್ಥಿನಿಗೆ ಈಗ ನನ್ನ ಉತ್ತರ: ಕೊಡದಿದ್ದರೆ ಅವರು ಬಡಿಯುವುದಿಲ್ಲಮ್ಮ, ಬರೆಯುತ್ತಾರೆ. ಬರೆದದ್ದನ್ನು ಸದನದಲ್ಲಿ ಯಾರಾದರೂ ಓದಿ ಎದ್ದು ನಿಂತರೆ ಅದು ಬಡಿದದ್ದಕ್ಕಿಂತ ಜೋರಾಗಿ ತಾಗುತ್ತದೆ. ಯಾರೂ ಓದದಿದ್ದರೆ ಅದು ಬರೀ ಕಾಗದ. ನೀನು ಅವತ್ತು ತರಗತಿಯಲ್ಲಿ ಎದ್ದು ನಿಂತೆಯಲ್ಲ, ಆ ಕೆಲಸ ಇನ್ನೂ ಹಲವು ಕಡೆ ಆಗಬೇಕಿದೆ.